ಸಹಿ ಬಿದ್ದ ಮೇಲೂ ಕಾಯುತ್ತಿರುವವರ ಪರವಾಗಿ
ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುವ ಕನ್ನಡದ ಗೆಳೆಯ ಗೆಳತಿಯರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯ ಗೆಳತಿಯರೇ,

ನಿಮ್ಮಲ್ಲಿ ಕೆಲವರು ಎಂ.ಎಸ್.ಡಬ್ಲ್ಯು. ಮುಗಿಸಿ ನೇರವಾಗಿ ಈ ಕೆಲಸಕ್ಕೆ ಬಂದವರು. ಕೆಲವರು ಐಟಿ ಕಂಪನಿಯ ಸಂಬಳ ಬಿಟ್ಟು ಬಂದವರು. ಇನ್ನು ಕೆಲವರು ದೆಹಲಿಯಲ್ಲೋ ಕಠ್ಮಂಡುವಿನಲ್ಲೋ ಕುಳಿತು, ಯಾವ ಜಿಲ್ಲೆಗೆ ಎಷ್ಟು ಹಣ ಹೋಗಬೇಕು, ಯಾರಿಗೆ ಯಾವ ತರಬೇತಿ ಸಿಗಬೇಕು ಎಂದು ತೀರ್ಮಾನಿಸುವ ಜಾಗದಲ್ಲಿದ್ದೀರಿ. ‘ಸಂಘರ್ಷೋತ್ತರ ಶಾಂತಿ’, ‘ಲಿಂಗ ನ್ಯಾಯ’, ‘ನಾಗರಿಕ ಸಮಾಜದ ಬಲವರ್ಧನೆ’ ಎಂಬ ತಲೆಬರಹದ ಪ್ರಸ್ತಾವಗಳು ನಿಮ್ಮ ಮೇಜಿಗೆ ವರ್ಷವಿಡೀ ಬರುತ್ತವೆ. ಅವುಗಳನ್ನು ಮಂಜೂರು ಮಾಡುವ ಮುನ್ನ, ಕಳೆದ ಎರಡು ದಶಕಗಳಲ್ಲಿ ನೆರೆಯ ನೇಪಾಳದಲ್ಲಿ ಆದದ್ದನ್ನು ಒಮ್ಮೆ ಸಾವಧಾನವಾಗಿ ನೋಡಿ ಎಂದು ಕೇಳಲು ಈ ಪತ್ರ.

ನೇಪಾಳ ನಮಗೆ ದೂರದ ದೇಶವೇನಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ, ಹೋಟೆಲುಗಳ ಅಡುಗೆಮನೆಯಲ್ಲಿ ಆ ದೇಶದವರನ್ನು ದಿನವೂ ನೋಡುತ್ತೇವೆ. ಗಡಿ ದಾಟಲು ಅವರಿಗೆ ವೀಸಾ ಬೇಕಿಲ್ಲ. ಯುದ್ಧದ ವರ್ಷಗಳಲ್ಲಿ ಒಂದು ಕಡೆ ಸೈನಿಕರ, ಇನ್ನೊಂದು ಕಡೆ ಬಂಡುಕೋರರ ಭಯಕ್ಕೆ ಪಶ್ಚಿಮ ಬೆಟ್ಟಗಳ ಹಳ್ಳಿಗಳಿಂದ ಎಷ್ಟೋ ಗಂಡಸರು ಭಾರತಕ್ಕೆ ಬಂದುಬಿಟ್ಟರು. ಊರಲ್ಲಿ ಉಳಿದವರು ಹೆಂಗಸರು, ಮಕ್ಕಳು, ಮುದುಕರು. ಹೊಲ ನೋಡಿಕೊಂಡವರೂ ಅವರೇ, ರಾತ್ರಿ ಬಾಗಿಲು ತಟ್ಟಿದವರಿಗೆ ಉತ್ತರ ಕೊಟ್ಟವರೂ ಅವರೇ.

ಹಿನ್ನೆಲೆ ನಿಮಗೆ ಗೊತ್ತಿರಬಹುದು. 1996ರ ಫೆಬ್ರವರಿಯಲ್ಲಿ ಮಾವೋವಾದಿಗಳು ಸಶಸ್ತ್ರ ಹೋರಾಟ ಆರಂಭಿಸಿದರು. 2001ರ ಕೊನೆಗೆ ತುರ್ತು ಪರಿಸ್ಥಿತಿ ಬಂತು, ಸೇನೆ ಬೀದಿಗಿಳಿಯಿತು. ಹತ್ತು ವರ್ಷಗಳಲ್ಲಿ ಸುಮಾರು 17,000 ಜನ ಸತ್ತರು. 1,300ಕ್ಕೂ ಹೆಚ್ಚು ಮಂದಿ ಕಾಣೆಯಾದರು. ಅವರಲ್ಲಿ ಬಹುತೇಕರು ಏನಾದರೆಂದು ಮನೆಯವರಿಗೆ ಇಂದಿಗೂ ತಿಳಿದಿಲ್ಲ. 2006ರ ಏಪ್ರಿಲ್‌ನಲ್ಲಿ 19 ದಿನ ನಡೆದ ಜನ ಆಂದೋಲನಕ್ಕೆ ರಾಜ ಜ್ಞಾನೇಂದ್ರ ಮಣಿದರು. ಅದೇ ವರ್ಷ ನವೆಂಬರ್ 21ರಂದು ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲಾ ಮತ್ತು ಮಾವೋವಾದಿ ನಾಯಕ ಪ್ರಚಂಡ ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಕಾಣೆಯಾದವರ ವಿವರವನ್ನು 60 ದಿನಗಳಲ್ಲಿ ಬಹಿರಂಗಪಡಿಸುತ್ತೇವೆ ಎಂದು ಎರಡೂ ಕಡೆಯವರು ಆ ಒಪ್ಪಂದದಲ್ಲಿ ಮಾತು ಕೊಟ್ಟಿದ್ದರು.

ಈ 60 ದಿನಗಳ ಪಕ್ಕದಲ್ಲಿ ಇನ್ನೊಂದು ಗಡುವನ್ನು ಇಟ್ಟು ನೋಡಿ. ಆಗಿನ ನೇಪಾಳದ ಕಾನೂನಿನಲ್ಲಿ ಅತ್ಯಾಚಾರದ ದೂರು ಕೊಡಲು ಇದ್ದ ಕಾಲಾವಕಾಶ 35 ದಿನ. ದೈಲೇಖ್ ಜಿಲ್ಲೆಯ ಒಬ್ಬ ಹೆಣ್ಣುಮಗಳನ್ನು 2004ರಲ್ಲಿ ಸೈನಿಕರು ಹಿಡಿದೊಯ್ದು ಅತ್ಯಾಚಾರ ಎಸಗಿದರು. ‘ಪೂರ್ಣಮಾಯಾ’ ಎಂಬ ಮರೆಹೆಸರಿನಲ್ಲಿ ಆಕೆಯ ಪ್ರಕರಣ ಲೋಕಕ್ಕೆ ತಿಳಿಯಿತು. ಯುದ್ಧ ಮುಗಿದು, ಜೊತೆಗೆ ನಿಲ್ಲುವವರು ಸಿಕ್ಕಿ, 2011ರಲ್ಲಿ ಆಕೆ ದೂರು ಕೊಡಲು ಹೋದರೆ ಗಡುವು ಮೀರಿದೆ ಎಂದು ವಾಪಸು ಕಳಿಸಿದರು. ಯಾರ ವಿರುದ್ಧ ದೂರೋ ಅದೇ ಸೇನೆ ಊರನ್ನು ಕಾಯುತ್ತಿದ್ದ ಕಾಲದಲ್ಲಿ, 35 ದಿನದೊಳಗೆ ಆಕೆ ಯಾವ ಠಾಣೆಗೆ ಹೋಗಬೇಕಿತ್ತು? 2017ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಆಕೆಯ ಪರ ತೀರ್ಮಾನ ಕೊಟ್ಟು ನೇಪಾಳ ಸರ್ಕಾರವನ್ನು ಹೊಣೆ ಮಾಡಿತು. ಕಾಲಮಿತಿಯನ್ನು 2015ರಲ್ಲಿ 180 ದಿನಕ್ಕೆ, ಆಮೇಲೆ ಒಂದು ವರ್ಷಕ್ಕೆ, 2022ರಲ್ಲಿ ಎರಡು ವರ್ಷಕ್ಕೆ ಹಿಗ್ಗಿಸಿದರು. ಯುದ್ಧಕಾಲದ ಸಂತ್ರಸ್ತೆಯರ ಮಟ್ಟಿಗೆ ಇದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆಳುವವರು ತಾವೇ ಬರೆದುಕೊಂಡ 60 ದಿನಗಳ ಗಡುವು ಮೀರಿ ಹತ್ತೊಂಬತ್ತು ವರ್ಷಗಳ ಮೇಲಾಯಿತು. ಅದಕ್ಕಾಗಿ ಯಾರ ಕುರ್ಚಿಯೂ ಹೋಗಲಿಲ್ಲ. ಒಬ್ಬ ಬಡ ಹೆಂಗಸು 35 ದಿನದ ಗಡುವು ಮೀರಿದ್ದಕ್ಕೆ ನ್ಯಾಯದ ಬಾಗಿಲೇ ಮುಚ್ಚಿತು. ಯುದ್ಧಾನಂತರದ ಲಿಂಗ ನ್ಯಾಯ ಎಂದು ನೀವು ಬರೆಯುವಾಗ ದಯವಿಟ್ಟು ಈ ಎರಡು ಗಡುವುಗಳನ್ನು ನೆನಪಿನಲ್ಲಿಟ್ಟುಕೊಂಡು ಬರೆಯಿರಿ.

ಪರಿಹಾರದ ಪಟ್ಟಿಯಲ್ಲೂ ಇದೇ ಕತೆ. ಸತ್ತವರ ಮತ್ತು ಕಾಣೆಯಾದವರ ಕುಟುಂಬಗಳಿಗೆ ಸರ್ಕಾರ ಕಂತುಕಂತಾಗಿ 10 ಲಕ್ಷ ನೇಪಾಳಿ ರೂಪಾಯಿಯವರೆಗೆ ಮಧ್ಯಂತರ ಪರಿಹಾರ ಕೊಟ್ಟಿತು. ಚಿತ್ರಹಿಂಸೆಗೆ ಮತ್ತು ಅತ್ಯಾಚಾರಕ್ಕೆ ಒಳಗಾದವರು ಆ ಪಟ್ಟಿಯಲ್ಲಿ ಇರಲಿಲ್ಲ. 2011ರಲ್ಲಿ ಮಹಿಳೆ, ಶಾಂತಿ ಮತ್ತು ಭದ್ರತೆ ಕುರಿತ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ದಕ್ಷಿಣ ಏಷ್ಯಾದಲ್ಲೇ ಮೊದಲು ತಂದ ದೇಶ ನೇಪಾಳ. ಯೋಜನೆ ಮುದ್ರಣವಾಯಿತು, ಕಾರ್ಯಾಗಾರಗಳು ನಡೆದವು. ಅತ್ಯಾಚಾರಕ್ಕೊಳಗಾದವರು ಮಾತ್ರ ಪರಿಹಾರದ ಪಟ್ಟಿಯ ಹೊರಗೇ ಉಳಿದರು.

ಕಾಣೆಯಾದವರ ಹೆಂಡತಿಯರ ಪಾಡು ಇನ್ನೊಂದು ಬಗೆಯದು. ತರಾಯಿ ಬಯಲಿನ ಬರ್ದಿಯಾ ಒಂದೇ ಜಿಲ್ಲೆಯಲ್ಲಿ 200ಕ್ಕೂ ಹೆಚ್ಚು ಜನ ಕಾಣೆಯಾದರು. ಅವರಲ್ಲಿ ಬಹುತೇಕರು ಥಾರು ಸಮುದಾಯದ ಬಡ ರೈತರು, ಕೂಲಿಗಳು. ಕಾಣೆಯಾದವನು ಸತ್ತನೆಂದು ಕಾನೂನು ಒಪ್ಪಿಕೊಳ್ಳಲು 12 ವರ್ಷ ಕಾಯಬೇಕು. ಅಲ್ಲಿಯವರೆಗೆ ಹೆಂಡತಿಗೆ ಜಮೀನಿನ ಮೇಲೆ ಖಚಿತವಾದ ಹಕ್ಕಿಲ್ಲ. ಸಿಂಧೂರ, ಕೆಂಪು ಬಳೆ, ಪೋತೆ ಮಣಿ ತೊಟ್ಟರೆ ಅಕ್ಕಪಕ್ಕದವರ ಕಣ್ಣು, ತೆಗೆದರೆ ಗಂಡನನ್ನು ತಾನೇ ಕೊಂದಳೆಂಬ ಅತ್ತೆ ಮಾವಂದಿರ ಕೊಂಕು. ಮಕ್ಕಳಿಗೆ ಪೌರತ್ವದ ದಾಖಲೆ ಮಾಡಿಸಲು ಹೋದರೆ ಅಪ್ಪನ ಕಾಗದ ಎಲ್ಲಿ ಎಂಬ ಪ್ರಶ್ನೆ. ಅತ್ಯಾಚಾರದಿಂದ ಹುಟ್ಟಿದ ಮಕ್ಕಳ ತಾಯಂದಿರು ಈ ಪ್ರಶ್ನೆಗೆ ಏನು ಹೇಳಬೇಕು?

ವಿಧವೆಯರ ವಿಚಾರದಲ್ಲಿ ಸರ್ಕಾರಕ್ಕೆ ಹೊಳೆದ ಉಪಾಯವನ್ನೂ ಕೇಳಿ. 2009ರ ಬಜೆಟ್‌ನಲ್ಲಿ, ವಿಧವೆಯನ್ನು ಮದುವೆಯಾದವರಿಗೆ 50,000 ರೂಪಾಯಿ ಕೊಡುವುದಾಗಿ ಘೋಷಿಸಿದರು. ವಿಧವೆಯರನ್ನು ಯಾರೂ ಕೇಳಿರಲಿಲ್ಲ. ಲಿಲಿ ಥಾಪಾ ಅವರು 1994ರಲ್ಲಿ ಕಟ್ಟಿದ ಒಂಟಿ ಮಹಿಳೆಯರ ಸಂಘಟನೆ ಆ ಹೊತ್ತಿಗೆ ದೇಶದ ಹಳ್ಳಿಹಳ್ಳಿಗೆ ಹಬ್ಬಿತ್ತು. ನಮ್ಮ ಮೇಲೆ ಬೆಲೆ ಚೀಟಿ ಅಂಟಿಸಬೇಡಿ, ನಮಗೆ ಬೇಕಿರುವುದು ಉದ್ಯೋಗ, ಆಸ್ತಿ, ಮಕ್ಕಳ ಓದು ಎಂದು ಅದರ ಸದಸ್ಯೆಯರು ಬೀದಿಗಿಳಿದರು. ಸಂಘಟನೆ ಮೊದಲೇ ಗಟ್ಟಿಯಾಗಿ ಇದ್ದದ್ದರಿಂದ ತಕ್ಷಣ ದನಿ ಎತ್ತಲು ಸಾಧ್ಯವಾಯಿತು. ಬಜೆಟ್ ಓದಿದ ಮೇಲೆ ಸಂಘಟನೆ ಕಟ್ಟಲು ಹೊರಟಿದ್ದರೆ ಆಗುತ್ತಿರಲಿಲ್ಲ.

ಬಂದೂಕು ಹಿಡಿದ ಹೆಣ್ಣುಮಕ್ಕಳನ್ನೂ ಮರೆಯಬಾರದು. ವಿಶ್ವಸಂಸ್ಥೆ ಪರಿಶೀಲಿಸಿ ಒಪ್ಪಿದ 19,602 ಮಾವೋವಾದಿ ಯೋಧರಲ್ಲಿ 3,846 ಮಂದಿ ಮಹಿಳೆಯರು. ಕೊನೆಗೆ ನೇಪಾಳ ಸೇನೆಗೆ ಸೇರಿದ ಸುಮಾರು 1,400 ಮಂದಿಯಲ್ಲಿ ಮಹಿಳೆಯರು ನೂರರ ಆಸುಪಾಸು. ಉಳಿದವರಲ್ಲಿ ಹೆಚ್ಚಿನವರು 5ರಿಂದ 8 ಲಕ್ಷ ರೂಪಾಯಿಯ ಚೆಕ್ ಪಡೆದು ಶಿಬಿರ ಬಿಟ್ಟರು. ಸಮಾನತೆಯ ಮಾತು ನಂಬಿ, ಜಾತಿ ಮೀರಿ ಮದುವೆಯಾಗಿ, ಶಿಬಿರದಲ್ಲೇ ಹೆತ್ತು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರಿಗೆ ಮರಳಿದ ಸೊಸೆಯನ್ನು ಊರು ಹೇಗೆ ನೋಡೀತೆಂದು ಕನ್ನಡದ ಹಳ್ಳಿಗಳಿಂದ ಬಂದ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಶಾಂತಿ ಒಪ್ಪಂದವಾದ ಮೇಲೆ ನೇಪಾಳಕ್ಕೆ ಬಂದವರು, ಅಲ್ಲಿ ಹುಟ್ಟಿಕೊಂಡ ಕಚೇರಿಗಳು ಲೆಕ್ಕವಿಲ್ಲದಷ್ಟು. ವಿಶ್ವಸಂಸ್ಥೆಯ ನಿಯೋಗ 2007ರಲ್ಲಿ ಬಂತು, 2011ರ ಜನವರಿಯಲ್ಲಿ ಹೊರಟಿತು. ಒಪ್ಪಂದಕ್ಕೂ ಮೊದಲೇ, 2005ರಿಂದ ಇದ್ದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯನ್ನು 2011ರ ಕೊನೆಗೆ ಮುಚ್ಚಿಸಿದರು. 2007ರಲ್ಲಿ ಹುಟ್ಟಿದ ಶಾಂತಿ ಮತ್ತು ಪುನರ್ನಿರ್ಮಾಣ ಸಚಿವಾಲಯ 2018ರಲ್ಲಿ ಇಲ್ಲವಾಯಿತು. 2015ರಲ್ಲಿ ನೇಮಕವಾದ ಸತ್ಯಶೋಧನೆ ಮತ್ತು ಮೇಲ್ಮಿಲಾಪ (ಮರುಸಾಮರಸ್ಯ) ಆಯೋಗ 60,000ಕ್ಕೂ ಹೆಚ್ಚು ದೂರು ಪಡೆಯಿತು. ಆ ರಾಶಿಯಲ್ಲಿ ಲೈಂಗಿಕ ದೌರ್ಜನ್ಯದ ದೂರುಗಳು ಸುಮಾರು 300. ಹೇಳಿಕೊಳ್ಳಲು ಧೈರ್ಯವಾಗದೆ ಉಳಿದವರೆಷ್ಟೋ. 2022ರ ಜುಲೈನಿಂದ ಮೂರು ವರ್ಷಗಳ ಹತ್ತಿರ ಆ ಆಯೋಗದಲ್ಲಿ ಆಯುಕ್ತರೇ ಇರಲಿಲ್ಲ.

ಇಷ್ಟೆಲ್ಲ ಬಂದು ಹೋದರೂ ಕದಲದೆ ಉಳಿದವು ಸಂತ್ರಸ್ತರು ತಾವೇ ಕಟ್ಟಿಕೊಂಡ ಕೂಟಗಳು. ಜಿಲ್ಲೆಗೊಂದು ಸಮಿತಿ, ಕಾಣೆಯಾದವರ ಕುಟುಂಬಗಳ ಸಂಘ, ಸಂಘರ್ಷ ಪೀಡಿತ ಮಹಿಳೆಯರ ರಾಷ್ಟ್ರೀಯ ಜಾಲ, ಇವೆಲ್ಲ ಸೇರಿದ ಸಾಮಾನ್ಯ ವೇದಿಕೆ. ಈ ವೇದಿಕೆಯಲ್ಲಿ ಸೇನೆಯಿಂದ ನೊಂದವರೂ ಮಾವೋವಾದಿಗಳಿಂದ ನೊಂದವರೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಸುಮನ್ ಅಧಿಕಾರಿಯವರ ತಂದೆ, ಶಾಲಾ ಶಿಕ್ಷಕ ಮುಕ್ತಿನಾಥ್ ಅವರನ್ನು ಕೊಂದವರು ಮಾವೋವಾದಿಗಳು. ಅದೇ ಸುಮನ್, ಸರ್ಕಾರಿ ಪಡೆಗಳು ಎತ್ತಿಕೊಂಡು ಹೋದವರ ಮಕ್ಕಳ ಜೊತೆ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. ಗಂಭೀರ ಅಪರಾಧಗಳಿಗೆ ಕ್ಷಮಾದಾನ ಕೊಡುವಂತಿಲ್ಲ ಎಂದು 2015ರ ಫೆಬ್ರವರಿಯಲ್ಲಿ ಕೋರ್ಟು ಹೇಳಿದ್ದು ಇವರ ಅರ್ಜಿಯ ಮೇಲೆ. ಪಕ್ಷಗಳು ಅಧಿಕಾರ ಹಂಚಿಕೊಳ್ಳಲು ಕೈಕುಲುಕಿದ್ದನ್ನು ಪತ್ರಿಕೆಗಳು ಮೇಲ್ಮಿಲಾಪ ಎಂದು ಕರೆದವು. ನನ್ನ ಪ್ರಕಾರ ನಿಜವಾದ ಮೇಲ್ಮಿಲಾಪ ಆ ಚಾಪೆಯ ಮೇಲೆ ಆಯಿತು.

ಕಾವ್ರೆ ಜಿಲ್ಲೆಯ ದೇವಿ ಸುನುವಾರ್ ಅವರ ಹೋರಾಟವನ್ನೇ ನೋಡಿ. 2004ರ ಫೆಬ್ರವರಿಯಲ್ಲಿ ತಮ್ಮ ಬಂಧು ರೀನಾ ರಸಾಯಿಲಿಯನ್ನು ಸೈನಿಕರು ಕೊಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಕಂಡದ್ದನ್ನು ಹೇಳಿದರು. ಸೈನಿಕರು ಅವರನ್ನು ಹುಡುಕಿಕೊಂಡು ಬಂದಾಗ ಅವರು ಮನೆಯಲ್ಲಿರಲಿಲ್ಲ. 15 ವರ್ಷದ ಮಗಳು ಮೈನಾಳನ್ನು ಎಳೆದೊಯ್ದರು. ಪಾಂಚ್‌ಖಾಲ್‌ನ ಸೇನಾ ಶಿಬಿರದಲ್ಲಿ ಚಿತ್ರಹಿಂಸೆಯಿಂದ ಹುಡುಗಿ ಸತ್ತಳು, ಅಲ್ಲೇ ಹೂತರು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಹೋಗುವ ಸೈನಿಕರಿಗೆ ತರಬೇತಿ ಕೊಡುವ ಕೇಂದ್ರ ಅದು. ಸೇನಾ ನ್ಯಾಯಾಲಯ ಮೂವರು ಅಧಿಕಾರಿಗಳಿಗೆ ವಿಧಿಸಿದ್ದು ಆರು ತಿಂಗಳ ಶಿಕ್ಷೆ. ತಾಯಿ ಬಿಡಲಿಲ್ಲ. 2007ರಲ್ಲಿ ಮಗಳ ಅವಶೇಷ ಹೊರತೆಗೆಸಿದರು. 2017ರ ಏಪ್ರಿಲ್‌ನಲ್ಲಿ ಕಾವ್ರೆ ಜಿಲ್ಲಾ ನ್ಯಾಯಾಲಯ ಮೂವರು ಅಧಿಕಾರಿಗಳಿಗೆ, ಅವರ ಗೈರುಹಾಜರಿಯಲ್ಲಿ, ಜೀವಾವಧಿ ಶಿಕ್ಷೆ ವಿಧಿಸಿತು. ಹದಿಮೂರು ವರ್ಷ ಹಿಡಿಯಿತು. ನಿಮ್ಮ ಸಂಸ್ಥೆಯ ಯೋಜನಾ ಅವಧಿ ಎಷ್ಟು ವರ್ಷದ್ದು?

ನಾನು ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. ಎರಡು ವರ್ಷದ, ಮೂರು ವರ್ಷದ ಯೋಜನೆಗಳು ಹೆಚ್ಚಾಗಿ ರಾಜಧಾನಿಯಲ್ಲಿ ಇಂಗ್ಲಿಷಿನಲ್ಲಿ ವರದಿ ಬರೆಯಬಲ್ಲ ಸಂಸ್ಥೆಗಳಿಗೆ ಹೋಗುತ್ತವೆ. ಹಳ್ಳಿಯ ಸಂತ್ರಸ್ತೆಯನ್ನು ಹೋಟೆಲಿನ ಸಭಾಂಗಣಕ್ಕೆ ಕರೆತಂದು, ಬ್ಯಾನರಿನ ಕೆಳಗೆ ನಿಲ್ಲಿಸಿ, ಆಕೆಯ ಕತೆ ಇನ್ನೊಮ್ಮೆ ಹೇಳಿಸಿ, ದಿನದ ಭತ್ಯೆ ಕೊಟ್ಟು ಬಸ್ಸು ಹತ್ತಿಸುತ್ತಾರೆ. ಮುಂದಿನ ವರ್ಷ ದಾನಿಗಳ ಆಸಕ್ತಿ ಹವಾಮಾನ ಬದಲಾವಣೆಗೆ ತಿರುಗಿದರೆ ಫೋನು ಎತ್ತುವವರೂ ಇರುವುದಿಲ್ಲ. ‘ಡಾಲರ್ ಖೇತಿ’ (ಡಾಲರ್ ಬೇಸಾಯ) ಎಂದು ನೇಪಾಳಿಗಳು ಎನ್‌ಜಿಒಗಳನ್ನು ಆಡಿಕೊಳ್ಳುವುದು ಸುಮ್ಮನೆ ಅಲ್ಲ. ಈ ಅಪಹಾಸ್ಯದ ನಷ್ಟ ತಟ್ಟುವುದು ಪ್ರಾಮಾಣಿಕರಿಗೇ: ನ್ಯಾಯ ಕೇಳುವ ಹೆಂಗಸರನ್ನು ವಿದೇಶಿ ಹಣದ ಬೊಂಬೆಗಳು ಎಂದು ತಳ್ಳಿಹಾಕಲು ಸೇನೆಗೂ ಪಕ್ಷಗಳಿಗೂ ಅದು ಒಳ್ಳೆಯ ನೆಪವಾಗುತ್ತದೆ.

ಎಲ್ಲವೂ ಸೋಲಿನ ಕತೆಯೇ ಎಂದು ಹೇಳಿದರೆ ಸುಳ್ಳಾಗುತ್ತದೆ. 2008ರ ಸಂವಿಧಾನ ಸಭೆಯ 601 ಸದಸ್ಯರಲ್ಲಿ 197 ಮಂದಿ ಮಹಿಳೆಯರಿದ್ದರು. 2017ರ ಸ್ಥಳೀಯ ಚುನಾವಣೆಯಲ್ಲಿ ಪ್ರತಿ ವಾರ್ಡಿನಲ್ಲೂ ಇಬ್ಬರು ಮಹಿಳೆಯರು, ಅವರಲ್ಲೊಬ್ಬರು ದಲಿತ ಮಹಿಳೆ ಇರಬೇಕೆಂಬ ನಿಯಮದಿಂದ 14,000ಕ್ಕೂ ಹೆಚ್ಚು ಮಹಿಳೆಯರು ಗೆದ್ದು ಬಂದರು. ಮೇಯರ್, ಉಪಮೇಯರ್ ಸ್ಥಾನಗಳ ಪೈಕಿ ಒಂದಕ್ಕೆ ಪಕ್ಷಗಳು ಮಹಿಳೆಯನ್ನು ನಿಲ್ಲಿಸಬೇಕಿತ್ತು. ಬಹುತೇಕ ಎಲ್ಲ ಕಡೆ ‘ಉಪ’ ಪಟ್ಟ ಮಹಿಳೆಗೆ ಬಂತು. 2022ರಲ್ಲಿ ಮೈತ್ರಿ ಮಾಡಿಕೊಂಡ ಪಕ್ಷಗಳು ತಲಾ ಒಂದೇ ಸ್ಥಾನಕ್ಕೆ ಅಭ್ಯರ್ಥಿ ಹಾಕಿ ಆ ನಿಯಮದ ಕೆಳಗಿಂದ ನುಸುಳಿದವು, ಉಪಮೇಯರ್ ಮಹಿಳೆಯರ ಸಂಖ್ಯೆಯೂ ಇಳಿಯಿತು. ಹಾಗಿದ್ದರೂ ಆ ಹುದ್ದೆಗೊಂದು ನಿಜವಾದ ಅಧಿಕಾರವಿದೆ. ಸ್ಥಳೀಯ ನ್ಯಾಯಿಕ ಸಮಿತಿಯ ಮುಖ್ಯಸ್ಥರು ಉಪಮೇಯರ್. ಹೊಡೆತ ಬಡಿತ, ಗಂಡ ಹೆಂಡಿರ ವಿರಸ, ಜೀವನಾಂಶ ಮೊದಲು ಬರುವುದು ಅವರ ಮುಂದೆ. ಯುದ್ಧದ ಗಾಯ ಹೊತ್ತ ಹೆಂಗಸು ಹತ್ತಿರ ಹೋಗಬಹುದಾದ ಸರ್ಕಾರದ ಬಾಗಿಲು ಇದೇ. ಅಲ್ಲಿ ಕೂರುವ ಮಹಿಳೆಗೆ ಕಾನೂನು ತಿಳಿದ ಒಬ್ಬ ಸಹಾಯಕ, ಗುಟ್ಟಾಗಿ ಮಾತಾಡಲು ಒಂದು ಕೋಣೆ ಒದಗಿಸುವುದು ಯಾವ ಅಂತರರಾಷ್ಟ್ರೀಯ ಸಮ್ಮೇಳನಕ್ಕಿಂತಲೂ ದೊಡ್ಡ ಕೆಲಸ.

ಆದ್ದರಿಂದ ನಿಮ್ಮನ್ನು ಕೆಲವು ಮಾತು ಕೇಳುತ್ತೇನೆ.

ಹಣ ಕೊಡುವವರಿದ್ದರೆ ಹತ್ತು ವರ್ಷದ ಮಾತು ಕೊಡಿ. ದೊಡ್ಡ ಮೊತ್ತ ಬೇಕಿಲ್ಲ. ಜಿಲ್ಲಾ ಕೇಂದ್ರದಲ್ಲಿ ಒಂದು ಬಾಡಿಗೆ ಕೋಣೆ, ಒಬ್ಬ ಗುಮಾಸ್ತೆ, ಕೋರ್ಟಿಗೆ ಹೋಗಿಬರುವ ಬಸ್ಸಿನ ಖರ್ಚು. ತರಬೇತಿಗಳನ್ನು ಎಣಿಸುವುದು ಬಿಟ್ಟು, ಸಂಘಟನೆ ಇನ್ನೂ ಬದುಕಿದೆಯೇ, ಅದರ ಚುಕ್ಕಾಣಿ ಸಂತ್ರಸ್ತೆಯರ ಕೈಯಲ್ಲೇ ಇದೆಯೇ ಎಂದು ವಿಚಾರಿಸಿ. ಅರ್ಜಿಯನ್ನು ನೇಪಾಳಿಯಲ್ಲೋ ಥಾರು ಭಾಷೆಯಲ್ಲೋ ತೆಗೆದುಕೊಳ್ಳಿ. ಅನುವಾದದ ಖರ್ಚು ನಿಮ್ಮದಿರಲಿ.

ಕ್ಷೇತ್ರಕ್ಕೆ ಹೋಗುವವರಿದ್ದರೆ, ಅತ್ಯಾಚಾರಕ್ಕೊಳಗಾದವಳ ಬಾಯಿಂದ ಅದೇ ಕತೆಯನ್ನು ಮತ್ತೆ ಹೇಳಿಸಬೇಡಿ. ಮೊದಲು ಬಂದವರು ಬರೆದುಕೊಂಡದ್ದನ್ನು, ಆಕೆಯ ಒಪ್ಪಿಗೆ ಪಡೆದು, ಹುಡುಕಿ ಓದಿ. ಫೋಟೊ ತೆಗೆಯಬೇಡಿ. ಆಕೆ ಗಂಡನಿಗೂ ಹೇಳಿರದ ಸಂಗತಿ ನಿಮ್ಮ ವಾರ್ಷಿಕ ವರದಿಯ ಮುಖಪುಟಕ್ಕೆ ಬರಬಾರದು. ಆಪ್ತ ಸಮಾಲೋಚಕಿಯನ್ನು ನೇಮಿಸುವಿರಾದರೆ ಅದೇ ಊರಿನ ಕಡೆಯವಳನ್ನು, ಹೆಚ್ಚು ಕಾಲ ನಿಲ್ಲುವವಳನ್ನು ನೇಮಿಸಿ.

ದಾಖಲೆಗಳ ವಿಷಯದಲ್ಲಿ ಎಚ್ಚರವಿರಲಿ. 2025ರ ಸೆಪ್ಟೆಂಬರಿನ ಯುವಜನರ ದಂಗೆಯಲ್ಲಿ ಸರ್ಕಾರ ಬಿತ್ತು. ಆ ಗಲಭೆಯಲ್ಲಿ ಸುಪ್ರೀಂ ಕೋರ್ಟಿನ ಕಟ್ಟಡಕ್ಕೂ ಬೆಂಕಿ ಹಚ್ಚಿದರು. ರಾಜಧಾನಿಯ ಕಪಾಟನ್ನೇ ನಂಬಿ ಕೂರುವಂತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ದೂರಿನ ರಸೀದಿ, ವೈದ್ಯಕೀಯ ಚೀಟಿ, ಅರ್ಜಿಯ ನಕಲು ಇವುಗಳ ಒಂದೊಂದು ಪ್ರತಿ ಸಂತ್ರಸ್ತೆಯ ಬಳಿ, ಇನ್ನೊಂದು ಆಕೆ ನಂಬಿದ ಸಂಘದ ಬಳಿ ಭದ್ರವಾಗಿರುವಂತೆ ನೋಡಿಕೊಳ್ಳಿ.

ಮಹಿಳೆಯರೆಲ್ಲ ಒಂದೇ ಎಂದೂ ಭಾವಿಸಬೇಡಿ. ಬೆಟ್ಟದ ಮೇಲ್ಜಾತಿಯ ಸೈನಿಕನ ವಿಧವೆ, ತರಾಯಿಯ ಥಾರು ಹೆಣ್ಣುಮಗಳು, ದಲಿತ ಹೆಣ್ಣುಮಗಳು, ಮಾಜಿ ಗೆರಿಲ್ಲಾ ಇವರ ನೋವು ಬೇರೆ, ಬೇಡಿಕೆ ಬೇರೆ. ಇವರನ್ನೆಲ್ಲ ಕಠ್ಮಂಡುವಿನ ಒಬ್ಬ ಪರಿಚಿತ ಮುಖ ಪ್ರತಿನಿಧಿಸಿದರೆ ಸಾಕೆಂದುಕೊಂಡರೆ, ಯುದ್ಧಕ್ಕೆ ಕಾರಣವಾದ ತಾರತಮ್ಯವನ್ನೇ ನೀವು ಹಣ ಕೊಟ್ಟು ಸಾಕಿದ ಹಾಗಾಗುತ್ತದೆ.

2024ರ ಆಗಸ್ಟ್‌ನಲ್ಲಿ ನೇಪಾಳದ ಸಂಸತ್ತು ಸತ್ಯಶೋಧನಾ ಕಾಯ್ದೆಗೆ ತಿದ್ದುಪಡಿ ತಂದಿತು. ಅತ್ಯಾಚಾರ ಮತ್ತು ಗಂಭೀರ ಲೈಂಗಿಕ ದೌರ್ಜನ್ಯವನ್ನು ಮಾನವ ಹಕ್ಕುಗಳ ಗಂಭೀರ ಉಲ್ಲಂಘನೆಗಳ ಪಟ್ಟಿಯಲ್ಲಿ ಇರಿಸಿತು. ಮೊದಲು ದೂರು ಕೊಡದಿದ್ದ ಸಂತ್ರಸ್ತೆಯರಿಗೆ ಮತ್ತೊಮ್ಮೆ ಅವಕಾಶ ಕೊಟ್ಟಿತು, ಮೂರೇ ತಿಂಗಳು. 2025ರ ಮೇ ತಿಂಗಳಲ್ಲಿ ಆಯೋಗಕ್ಕೆ ಹೊಸ ಆಯುಕ್ತರು ಬಂದರು. ಆಯ್ಕೆಯಲ್ಲಿ ನಮ್ಮನ್ನು ಕೇಳಲಿಲ್ಲ ಎಂದು ಸಂತ್ರಸ್ತರ ಸಂಘಟನೆಗಳು ಅಂದೇ ತಕರಾರು ತೆಗೆದವು. ತಿದ್ದುಪಡಿಯಲ್ಲಿ ಒಳ್ಳೆಯದೇನಿದೆಯೋ ಅದು ಈ ಸಂಘಟನೆಗಳು ವರ್ಷಗಟ್ಟಲೆ ಬೆನ್ನು ಹತ್ತಿ ಬರೆಸಿಕೊಂಡದ್ದು. ಈಗ ಅದು ಕಾಗದದಿಂದ ಹಳ್ಳಿಗೆ ಇಳಿಯಬೇಕಾದರೂ ಅವರ ಕಾಲಿನ ಬಲವೇ ಬೇಕು.

ಮುಂದಿನ ಸಲ ಶಾಂತಿಯ ಹೆಸರಿನ ಪ್ರಸ್ತಾವವೊಂದು ನಿಮ್ಮ ಕೈಗೆ ಬಂದಾಗ ಅದರ ಬಜೆಟ್ ಪುಟ ತೆರೆಯಿರಿ. ಅದರಲ್ಲಿ ಎಷ್ಟು ರೂಪಾಯಿ ನೊಂದ ಹೆಂಗಸರು ತಾವೇ ನಡೆಸುವ ಸಂಘಕ್ಕೆ, ಅವರದೇ ತೀರ್ಮಾನದಂತೆ ಖರ್ಚಾಗಲು ಹೋಗುತ್ತದೆ ಎಂದು ಕೂಡಿ ನೋಡಿ. ಆ ಮೊತ್ತ ಸೊನ್ನೆಯಾಗಿದ್ದರೆ ಸಹಿ ಹಾಕಬೇಡಿ. ವಾಪಸು ಕಳಿಸಿ, ತಿದ್ದಿಸಿ ತರಿಸಿಕೊಳ್ಳಿ. ಇಷ್ಟು ಮಾಡುವ ಅಧಿಕಾರ ನಿಮ್ಮಲ್ಲಿ ಹಲವರಿಗೆ ಇವತ್ತೇ ಇದೆ.

ಇತಿ,
ನಿಮ್ಮ ಕೆಲಸದ ಮೇಲೆ ಭರವಸೆ ಇಟ್ಟಿರುವ ಒಬ್ಬ ಓದುಗ